ಸೋದೆಯ ರಥವೂ ಅನ್ಯಲೋಕದ ಅತಿಥಿಗಳೂ

ಶಿರಸಿಯಿಂದ ಯಲ್ಲಾಪುರದ ದಾರಿ ಹಿಡಿದು ಸುಮಾರು 20 ಕಿಲೋಮೀಟರು ಹೋದರೆ ನಮ್ಮೂರು ಸೋಂದಾ ಸಿಗುತ್ತದೆ. ಹಿರಿಯರ ಬಾಯಲ್ಲಿ ಅದು ಸೋದೆ. ಹಳೆಯ ಬರಹಗಳಲ್ಲಿ ಸ್ವಾದಿ, ಸುಧಾಪುರ. ಒಂದು ಕಾಲಕ್ಕೆ ಅರಸರ ರಾಜಧಾನಿಯಾಗಿದ್ದ ಊರು. ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ ಈ ಮೂರೂ ಒಂದೇ ಸೀಮೆಯಲ್ಲಿ ನೆಲೆಗೊಂಡಿರುವ ಪುಣ್ಯ ನಮ್ಮದು. 1760ರ ದಶಕದಲ್ಲಿ ಹೈದರಾಲಿಯ ಸೈನ್ಯ ಬಂದು ಅರಸುತನ ಮುಗಿಯಿತು. ಅರಸರು ಗೋವೆಯಲ್ಲಿ ಆಶ್ರಯ ಪಡೆದರು. ಹೀಗೆ ನಮ್ಮೂರಿಗೆ ಬಂದವರ, ನಮ್ಮೂರಿನಿಂದ ಹೋದವರ ಕಥೆ ದೊಡ್ಡದಿದೆ. ಆದರೆ ನಾನು ಇಲ್ಲಿ ವಿಚಾರಿಸಹೊರಟಿರುವುದು ಬೇರೊಂದು ಬಗೆಯ ಅತಿಥಿಗಳನ್ನು. ಬೇರೆ ಲೋಕದ ಬುದ್ಧಿಯುಳ್ಳ ಜೀವಿಗಳು ಎಂದಾದರೂ ನಮ್ಮ ಭೂಮಿಗೆ ಬಂದಿದ್ದರೇ?

ಕಲಾ ವಿಭಾಗದ ವಿದ್ಯಾರ್ಥಿನಿಗೆ ಈ ಉಸಾಬರಿ ಏಕೆ ಎಂದು ಸಹಪಾಠಿಗಳು ನಗಬಹುದು. ಇದು ಪರೀಕ್ಷೆಗೆ ಬರುವ ಪ್ರಶ್ನೆಯೂ ಅಲ್ಲ. ಆದರೆ ಅದು ನಮ್ಮ ಮನೆಯ ಜಗಲಿಗೇ ಬಂದು ಕುಳಿತದ್ದರಿಂದ ಬಿಡಲಾಗಲಿಲ್ಲ. ಬಂದ ಬಗೆಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಅಜ್ಜಿಗೆ ಓದು ಬರಹ ಬಾರದು. ಆಕೆಯಿಂದ ನಾನು ಕೇಳಿದ ಮೊದಲ ಕಥೆ ಸೋದೆಯ ತ್ರಿವಿಕ್ರಮ ದೇವರ ರಥದ್ದು. ವಾದಿರಾಜ ಸ್ವಾಮಿಗಳಿಗೆ ಸೋದೆಯಲ್ಲಿ ತ್ರಿವಿಕ್ರಮನನ್ನು ನಿಲ್ಲಿಸಬೇಕೆಂಬ ಮನಸ್ಸಾಯಿತು. ದೇವರಿದ್ದದ್ದು ದೂರದ ಬದರಿಯಲ್ಲಿ. ಸ್ವಾಮಿಗಳ ಅಪ್ಪಣೆಯಂತೆ ಭೂತರಾಜರು ದೇವರನ್ನು ರಥದ ಸಮೇತ ಎತ್ತಿಕೊಂಡು ಆಕಾಶಮಾರ್ಗವಾಗಿ ಹೊರಟರು. ದಾರಿಯಲ್ಲಿ ಒಬ್ಬ ಅಸುರ ಅಡ್ಡ ಬಂದ. ಭೂತರಾಜರು ರಥದ ಒಂದು ಚಕ್ರವನ್ನೇ ಕಿತ್ತು ಅವನ ಮೇಲೆ ಎಸೆದು ಕೊಂದು, ಉಳಿದ ಚಕ್ರಗಳ ರಥವನ್ನು ಸೋದೆಗೆ ಮುಟ್ಟಿಸಿದರು. ಈ ಕಥೆಯನ್ನು ಅಜ್ಜಿ ಹೇಳುವಾಗ ಚಕ್ರ ಕೀಳುವ ಜಾಗದಲ್ಲಿ ಕೈಯೆತ್ತಿ ಬೀಸುತ್ತಿದ್ದಳು. ನಾವು ಮಕ್ಕಳು ತಲೆ ತಗ್ಗಿಸುತ್ತಿದ್ದೆವು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವಳು ನಾನೇ ಮೊದಲಿಗಳು. ಮೊದಲನೆಯ ವರ್ಷದಲ್ಲಿ ನಾಲ್ಕು ಪುಸ್ತಕ ಓದಿದ ಗರ್ವದಿಂದ ಒಂದು ಸಂಜೆ ಅಜ್ಜಿಗೆ, "ರಥ ಹಾರುವುದು ಎಲ್ಲಾದರೂ ಉಂಟೇ? ಇದೆಲ್ಲ ಸುಳ್ಳು" ಎಂದುಬಿಟ್ಟೆ. ಅಜ್ಜಿ ಜಗಳ ಮಾಡಲಿಲ್ಲ. "ಓದಿದವಳು ನೀನು" ಎಂದು ಒಳಗೆ ಹೋದಳು. ಆಮೇಲೆ ಎಷ್ಟೋ ತಿಂಗಳು ನನ್ನ ಮುಂದೆ ಒಂದು ಕಥೆಯನ್ನೂ ಹೇಳಲಿಲ್ಲ. ವಿದ್ಯೆಯಿಂದ ನಾನು ಗಳಿಸಿದ ಮೊದಲ ಫಲ ಅದು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎರಡನೆಯ ಪ್ರಸಂಗ ಸಹಸ್ರಲಿಂಗದಲ್ಲಿ ನಡೆದದ್ದು. ಶಾಲ್ಮಲಾ ನದಿಯ ಪಾತ್ರದಲ್ಲಿ ಬಂಡೆ ಬಂಡೆಗೂ ಲಿಂಗ, ಎದುರಿಗೆ ನಂದಿ ಕೆತ್ತಿರುವ ಆ ಸ್ಥಳವನ್ನು ವಾಚಕರಲ್ಲಿ ಅನೇಕರು ಕಂಡಿದ್ದಾರೆ. 1678ರಿಂದ 1718ರವರೆಗೆ ಆಳಿದ ಸೋದೆಯ ಸದಾಶಿವರಾಯ ಅದನ್ನು ಮಾಡಿಸಿದನೆಂದು ಹೇಳುತ್ತಾರೆ. ಕಳೆದ ಬೇಸಿಗೆಯಲ್ಲಿ ಅಪ್ಪನ ಜೊತೆ ಅಲ್ಲಿಗೆ ಹೋಗಿದ್ದೆ. ಪಟ್ಟಣದಿಂದ ಬಂದಿದ್ದ ಒಬ್ಬ ಯುವಕ ಮೊಬೈಲು ಹಿಡಿದು ತನ್ನ ಗೆಳೆಯರಿಗೆ ವಿವರಿಸುತ್ತಿದ್ದ: ಯಂತ್ರವಿಲ್ಲದ ಕಾಲದಲ್ಲಿ ಇಷ್ಟೊಂದು ಕೆತ್ತನೆ ಮನುಷ್ಯರಿಂದ ಆಗುವ ಮಾತಲ್ಲ, ಬೇರೆ ಗ್ರಹದವರು ಬಂದು ಕಲಿಸಿಕೊಟ್ಟಿರಬೇಕು, ಸೋದೆಯ ಹಾರುವ ರಥವೂ ಅವರ ವಾಹನವೇ, ಹಳ್ಳಿಯವರು ತಿಳಿಯದೆ ದೇವರೆಂದರು.

ನನ್ನ ಅಪ್ಪ ಚಿರೇಕಲ್ಲು ಕಡಿಯುವ ಕೆಲಸದವನು. ಈಗ ಆ ಕೆಲಸಕ್ಕೆ ಯಂತ್ರ ಬಂದಿದೆ; ಆತ ಕಲಿತದ್ದು ಪಿಕಾಸಿಯಲ್ಲಿ. ಯುವಕನ ಮಾತನ್ನೆಲ್ಲ ಕೇಳಿ ಆತ ಬಂಡೆಯೊಂದರ ಮೇಲೆ ಕೈಯಾಡಿಸಿ ನನಗೆ ಮಾತ್ರ ಕೇಳುವಂತೆ ಹೇಳಿದ: "ಬಂಡೆ ಬಿದ್ದಲ್ಲೇ ಕೆತ್ತಿದ್ದಾರೆ, ನೋಡು. ಸಣ್ಣ ಬಂಡೆಗೆ ಸಣ್ಣ ಲಿಂಗ, ದೊಡ್ಡದಕ್ಕೆ ದೊಡ್ಡದು. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಬಂದು ಕೂತು, ಮಳೆ ಹಿಡಿಯುವ ಮೊದಲು ಎದ್ದಿದ್ದಾರೆ. ನಮ್ಮ ಕಲ್ಲಿನ ಹಾಗೆ ಮೆತ್ತಗಿನದಲ್ಲ ಇದು. ಎಷ್ಟು ಬೇಸಿಗೆ ಬೇಕಾಯಿತೋ ಪಾಪ!"

ಮನೆಗೆ ಬಂದು ಅಜ್ಜಿಗೆ ಯುವಕನ ಮಾತನ್ನು ಹೇಳಿದೆ. ಅಜ್ಜಿ ಬಹಳ ದಿನಗಳ ಮೇಲೆ ನಕ್ಕಳು. "ದೇವರು ತರಿಸಿದ ಅಂದ್ರೆ ನಂಬೂದಿಲ್ಲ, ಮತ್ಯಾರೋ ಮೇಲಿನವರು ತಂದ್ರು ಅಂದ್ರೆ ನಂಬ್ತಾರಾ? ಹಂಗಾರೆ ಅವರೂ ನಂಬೂದೇ ಆಯ್ತಲ್ಲ, ತಂಗೀ!"

ಅಜ್ಜಿಯ ಈ ಮಾತು ನನ್ನನ್ನು ಗ್ರಂಥಾಲಯಕ್ಕೆ ಕಳಿಸಿತು. ಅಲ್ಲಿ ಓದಿ ತಿಳಿದದ್ದನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. ವಿಶ್ವದಲ್ಲಿ ಬೇರೆಲ್ಲಾದರೂ ಬುದ್ಧಿಯುಳ್ಳ ಜೀವಿಗಳು ಇದ್ದಾರೆಯೇ ಎಂಬುದು ಒಂದು. ಅವರು ಇಲ್ಲಿಗೆ ಬಂದಿದ್ದರೇ ಎಂಬುದು ಇನ್ನೊಂದು. ಮೊದಲನೆಯದು ಖಗೋಳಶಾಸ್ತ್ರಕ್ಕೆ ಸೇರಿದ್ದು. ಎರಡನೆಯದು ನಮ್ಮ ಭೂಮಿಯ ಮೇಲೆ ನಡೆಯಿತೆನ್ನುವ ಘಟನೆ; ಆದ್ದರಿಂದ ಅದು ಇತಿಹಾಸದ ಪ್ರಶ್ನೆ. ಇತಿಹಾಸದ ತರಗತಿಯಲ್ಲಿ ಯಾವುದೇ ಆಧಾರವನ್ನು ಕಂಡಾಗ ಮೂರು ಮಾತು ಕೇಳಬೇಕೆಂದು ನಮಗೆ ಕಲಿಸಿದ್ದಾರೆ. ಇದನ್ನು ಬರೆದವರು ಯಾರು, ಯಾವಾಗ? ಇದಕ್ಕೆ ಕೈಗೆ ಸಿಗುವ ವಸ್ತುವಿನ ಬೆಂಬಲವಿದೆಯೇ? ಇದಕ್ಕಿಂತ ಹತ್ತಿರದ ಕಾರಣವೊಂದು ಇದೆಯೇ? ಶಾಸನಕ್ಕೆ ಹಾಕುವ ಈ ಒರೆಗಲ್ಲನ್ನೇ ಅನ್ಯಲೋಕದ ಅತಿಥಿಗಳಿಗೂ ಹಾಕಿ ನೋಡೋಣ.

ಮೊದಲನೆಯದಾಗಿ ಬರಹದ ಆಧಾರ. 1968ರಲ್ಲಿ ಎರಿಕ್ ಫಾನ್ ಡ್ಯಾನಿಕನ್ ಎಂಬ ಸ್ವಿಸ್ ಲೇಖಕ, ಪುರಾತನರ ದೇವತೆಗಳೆಂದರೆ ಬೇರೆ ಲೋಕದ ಯಾತ್ರಿಕರೇ ಎಂದು ವಾದಿಸುವ ಪುಸ್ತಕ ಬರೆದು ಲೋಕಪ್ರಸಿದ್ಧನಾದ. ಅಂದಿನಿಂದ ನಮ್ಮ ಪುರಾಣಗಳ ವಿಮಾನಗಳೂ ಈ ಚರ್ಚೆಗೆ ಸಿಕ್ಕಿಕೊಂಡವು. ಈ ವಾದದವರು ಮುಂದಿಡುವ ಒಂದು ಗ್ರಂಥ ನಮ್ಮ ಕರ್ನಾಟಕದ್ದೇ ಎಂಬುದು ಗಮನಾರ್ಹ. ಅದೇ 'ವೈಮಾನಿಕ ಶಾಸ್ತ್ರ'. ಭರದ್ವಾಜ ಮಹರ್ಷಿಯ ಹೆಸರಿನಲ್ಲಿರುವ ಈ ಸಂಸ್ಕೃತ ಗ್ರಂಥವನ್ನು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ಅವಧಿಯಲ್ಲಿ ಬಾಯಿಂದ ಹೇಳಿ ಬರೆಯಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ವರ್ಣನೆ ಅದರಲ್ಲಿದೆ. ಚಿತ್ರಗಳನ್ನು ಬೆಂಗಳೂರಿನ ನಕ್ಷೆಗಾರರೊಬ್ಬರಿಂದ ಬರೆಯಿಸಲಾಯಿತು. ಮೈಸೂರಿನ ಜಿ. ಆರ್. ಜೋಶ್ಯರ್ ಅವರು 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಅದು ದೇಶಾಂತರಗಳಲ್ಲಿ ಹೆಸರಾಯಿತು.

ಮರುವರ್ಷವೇ, ಎಂದರೆ 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು ಈ ಗ್ರಂಥವನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಅವರು ನಗೆಯಾಡಿ ಬದಿಗಿಡಲಿಲ್ಲ. ಭಾಷೆಯನ್ನು ನೋಡಿದರು, ಗ್ರಂಥ ನಮಗೆ ಬಂದ ದಾರಿಯನ್ನು ವಿಚಾರಿಸಿದರು, ಚಿತ್ರಗಳಲ್ಲಿರುವ ವಿಮಾನಗಳಿಗೆ ಹಾರುವ ಗುಣವಿದೆಯೇ ಎಂದು ತೂಗಿ ನೋಡಿದರು. ಭಾಷೆ ಪ್ರಾಚೀನವಾದುದಲ್ಲ, ಗ್ರಂಥವನ್ನು 1904ಕ್ಕಿಂತ ಹಿಂದಕ್ಕೆ ಒಯ್ಯಲಾಗದು, ವರ್ಣಿಸಿದ ವಿಮಾನಗಳಲ್ಲಿ ಯಾವುದೂ ಹಾರಲಾರದು ಎಂಬುದು ಅವರು ಕಂಡ ಸಿದ್ಧಾಂತ. ರೈಟ್ ಸಹೋದರರು ವಿಮಾನ ಹಾರಿಸಿದ್ದು 1903ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಇನ್ನೊಂದು ಮಾತು. ಆ ಗ್ರಂಥವೂ ವಿಮಾನವಿದ್ಯೆ ನಮ್ಮ ಋಷಿಗಳದೆಂದು ಹೇಳುತ್ತದೆಯೇ ಹೊರತು ಬೇರೆ ಗ್ರಹದವರದೆಂದಲ್ಲ. ಅನ್ಯಲೋಕದವರನ್ನು ಅದರೊಳಗೆ ಕೂರಿಸಿದವರು ಆಮೇಲಿನ ಓದುಗರು.

ಎರಡನೆಯದಾಗಿ ಕಣ್ಣಾರೆ ಕಂಡವರ ಆಧಾರ. 1947ರ ಜೂನ್ 24ರಂದು ಅಮೆರಿಕದ ಕೆನೆತ್ ಆರ್ನಾಲ್ಡ್ ಎಂಬ ವೈಮಾನಿಕ ಹೊಳೆಯುವ ಒಂಬತ್ತು ವಸ್ತುಗಳು ಅತಿವೇಗದಿಂದ ಹಾರಿಹೋದುದನ್ನು ಕಂಡೆನೆಂದ. ಪತ್ರಿಕೆಗಳು ಅವುಗಳಿಗೆ 'ಹಾರುವ ತಟ್ಟೆ' ಎಂದು ಹೆಸರಿಟ್ಟವು. ಹೆಸರು ಹುಟ್ಟಿದ ಮೇಲೆ ಕಂಡವರ ಸಂಖ್ಯೆಯೂ ಬೆಳೆಯಿತು. ಅಮೆರಿಕದ ವಾಯುಪಡೆ 1947ರಿಂದ 1969ರವರೆಗೆ ಇಂತಹ 12,618 ವರದಿಗಳನ್ನು ಸಂಗ್ರಹಿಸಿ ಪರಿಶೀಲಿಸಿತು. ಅವುಗಳಲ್ಲಿ ಬಹುಪಾಲು ಶುಕ್ರಗ್ರಹ, ಉಲ್ಕೆ, ಬಲೂನು, ಸಾಧಾರಣ ವಿಮಾನ ಇತ್ಯಾದಿಗಳೆಂದು ಗೊತ್ತಾಯಿತು. 701 ಮಾತ್ರ ಗುರುತು ಹತ್ತದೆ ಉಳಿದವು. ಈ 701ನ್ನು ಹಿಡಿದುಕೊಂಡೇ ಇಂದಿಗೂ ವಾದ ನಡೆಯುತ್ತದೆ. ಆದರೆ 'ಗುರುತು ಹತ್ತಲಿಲ್ಲ' ಎಂಬುದಕ್ಕೂ 'ಬೇರೆ ಲೋಕದ್ದು' ಎಂಬುದಕ್ಕೂ ನಡುವೆ ದೊಡ್ಡ ಕಂದರವಿದೆ. ಬೇಣದಲ್ಲಿ ರಾತ್ರಿ ಕಂಡ ಪ್ರಾಣಿ ಯಾವುದೆಂದು ತಿಳಿಯದಿದ್ದರೆ ಅದು ಹುಲಿಯೇ ಎಂದು ಸಿದ್ಧವಾಗುವುದಿಲ್ಲ. ಹುಲಿಯ ಹೆಜ್ಜೆ ಸಿಗಬೇಕು. 2023ರಲ್ಲಿ ನಾಸಾ ಸಂಸ್ಥೆ ನೇಮಿಸಿದ ತಜ್ಞರ ಮಂಡಳಿಯೂ, 2024ರ ಮಾರ್ಚಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ವರದಿಯೂ ಅಂತಹ ಹೆಜ್ಜೆ ಸಿಕ್ಕಿಲ್ಲವೆಂದೇ ಹೇಳಿದವು.

ಮೂರನೆಯದಾಗಿ ದಾರಿಯ ದೂರ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾದಿಂದ ಬೆಳಕು ಇಲ್ಲಿಗೆ ಬರಲು ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕು. ಆ ದೂರ ಸುಮಾರು 40 ಲಕ್ಷ ಕೋಟಿ ಕಿಲೋಮೀಟರು. ಇಂಥ ಅಂಕಿಗಳು ಕಿವಿಗೆ ಬೀಳುತ್ತವೆ, ಮನಸ್ಸಿಗೆ ಇಳಿಯುವುದಿಲ್ಲ. ಆದ್ದರಿಂದ ನಾನು ಹೀಗೊಂದು ಲೆಕ್ಕ ಹಾಕಿದೆ. ಭೂಮಿಗೂ ಸೂರ್ಯನಿಗೂ ಇರುವ 15 ಕೋಟಿ ಕಿಲೋಮೀಟರನ್ನು ಒಂದು ಮೊಳವೆಂದು ಎಣಿಸಿದರೆ, ಪ್ರಾಕ್ಸಿಮಾ ಸುಮಾರು 120 ಕಿಲೋಮೀಟರು ದೂರದಲ್ಲಿರುತ್ತದೆ. ಶಿರಸಿಯಿಂದ ಹೊರಟವರು ಹುಬ್ಬಳ್ಳಿಯನ್ನು ದಾಟಿ ಇನ್ನೂ ಮುಂದೆ ಹೋಗಬೇಕು. 1977ರಲ್ಲಿ ಮಾನವನು ಹಾರಿಸಿದ ವಾಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರು ವೇಗದಿಂದ ಹೋಗುತ್ತಿದೆ. ಈ ಮೊಳದ ಲೆಕ್ಕದಲ್ಲಿ ಅದು ವರ್ಷಕ್ಕೆ ನಡೆಯುವುದು ಮೂರೂವರೆ ಮೊಳ! ಅದೇ ವೇಗದಲ್ಲಿ ಅಷ್ಟು ದೂರ ಹೋಗಲು ಸುಮಾರು 75 ಸಾವಿರ ವರ್ಷ ಹಿಡಿಯುತ್ತದೆ.

ಹಾಗಾದರೆ ಬರುವುದು ಅಸಾಧ್ಯವೇ ಎಂದು ಕೇಳಿದರೆ, ಹಾಗೆಂದು ಹೇಳುವುದೂ ದುಡುಕಾದೀತು. ಎದುರು ಪಕ್ಷದ ಬಲವನ್ನೂ ತೂಗಬೇಕು. ನಮ್ಮ ಆಕಾಶಗಂಗೆಯಲ್ಲಿಯೇ 10 ಸಾವಿರ ಕೋಟಿಗಿಂತ ಹೆಚ್ಚು ನಕ್ಷತ್ರಗಳಿವೆ. ಸೂರ್ಯನಂಥ ಇನ್ನೊಂದು ನಕ್ಷತ್ರದ ಸುತ್ತ ಗ್ರಹವಿರುವುದು 1995ರಲ್ಲಿ ಗೊತ್ತಾಯಿತು. 2025ರ ಹೊತ್ತಿಗೆ ಹೀಗೆ ಕಂಡುಹಿಡಿದ ಗ್ರಹಗಳು 6 ಸಾವಿರ ದಾಟಿದವು. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ ಎಂಬಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಜೀವಕ್ಕೆ ಬೇಕಾದ ಅಮಿನೋ ಆಮ್ಲಗಳೇ ಇದ್ದವು. ಆಕಾಶಗಂಗೆಯ ವಯಸ್ಸು ಸಾವಿರ ಕೋಟಿ ವರ್ಷಕ್ಕಿಂತ ಮೇಲ್ಪಟ್ಟದ್ದು. ಅಷ್ಟು ಕಾಲದ ಎದುರಿಗೆ 75 ಸಾವಿರ ವರ್ಷ ಒಂದು ಗಳಿಗೆಯಷ್ಟೇ. 1950ರಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಊಟಕ್ಕೆ ಕುಳಿತಿದ್ದಾಗ ಇದನ್ನೇ ಯೋಚಿಸಿ, ಹಾಗಾದರೆ ಅವರೆಲ್ಲ ಎಲ್ಲಿದ್ದಾರೆ ಎಂದು ಕೇಳಿದನಂತೆ. 1960ರಲ್ಲಿ ಫ್ರಾಂಕ್ ಡ್ರೇಕ್ ಎಂಬ ವಿಜ್ಞಾನಿ ರೇಡಿಯೋ ದೂರದರ್ಶಕವನ್ನು ಎರಡು ನಕ್ಷತ್ರಗಳ ಕಡೆಗೆ ತಿರುಗಿಸಿ ಕಿವಿಗೊಟ್ಟು ಕುಳಿತ. ಅಂದಿನಿಂದ ಅನೇಕರು ಕಿವಿಗೊಟ್ಟಿದ್ದಾರೆ. ಇಂಥವರದೇ ದನಿ ಎಂದು ಸಿದ್ಧವಾದ ಒಂದು ಸಂಕೇತವೂ ಇದುವರೆಗೆ ದೊರೆತಿಲ್ಲ.

ಪಂಡಿತರು ತಪ್ಪಿದ ಉದಾಹರಣೆಯೂ ಇಲ್ಲದಿಲ್ಲ. ಆಕಾಶದಿಂದ ಕಲ್ಲು ಬೀಳುತ್ತದೆ ಎಂದು ಯುರೋಪಿನ ಹಳ್ಳಿಗರು ಹೇಳುತ್ತಿದ್ದಾಗ ಹದಿನೆಂಟನೆಯ ಶತಮಾನದ ಅನೇಕ ವಿದ್ವಾಂಸರು ನಕ್ಕಿದ್ದರು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಎಂಬ ಊರಿನ ಸುತ್ತ ಸುಮಾರು 3 ಸಾವಿರ ಕಲ್ಲುಗಳು ಸುರಿದವು. ಜಾನ್ ಬಾಪ್ಟಿಸ್ಟ್ ಬಿಯೋ ಎಂಬ ತರುಣ ವಿಜ್ಞಾನಿ ಅಲ್ಲಿಗೆ ಹೋಗಿ, ಊರೂರು ತಿರುಗಿ, ಜನರ ಹೇಳಿಕೆಗಳನ್ನು ಒಂದಕ್ಕೊಂದು ತಾಳೆ ನೋಡಿ, ಕಲ್ಲುಗಳನ್ನು ಕೈಯಲ್ಲಿ ಹಿಡಿದು ಬಂದ. ಆಗ ನಕ್ಕವರೂ ಒಪ್ಪಿದರು. 1866ರಲ್ಲಿ ನಮ್ಮ ಉಡುಪಿಯ ಸೀಮೆಯಲ್ಲಿಯೂ ಇಂಥ ಒಂದು ಉಲ್ಕಾಶಿಲೆ ಬಿದ್ದು ಅದೇ ಹೆಸರಿನಿಂದ ಲೋಕದ ಪಟ್ಟಿಯಲ್ಲಿ ಸೇರಿದೆ. ಇದರಿಂದ ನಾನು ಕಲಿತ ಪಾಠ ಎರಡು. ಹಳ್ಳಿಗರ ಮಾತೆಂದು ಕಡೆಗಣಿಸಬಾರದು. ಆದರೆ ಮಾತು ನಿಜವೆನಿಸಿಕೊಳ್ಳುವುದು ಕಲ್ಲು ಕೈಗೆ ಬಂದಾಗ.

ಇತ್ತೀಚೆಗೆ ಬೇರೆ ನಕ್ಷತ್ರಗಳ ಕಡೆಯಿಂದ ಮೂರು ಅತಿಥಿಗಳು ನಿಜವಾಗಿಯೂ ಬಂದಿದ್ದಾರೆ. 2017ರಲ್ಲಿ ಔಮುವಾಮುವಾ, 2019ರಲ್ಲಿ ಬೊರಿಸೊವ್, 2025ರಲ್ಲಿ ಅಟ್ಲಾಸ್. ಇವು ನಮ್ಮ ಸೌರವ್ಯೂಹಕ್ಕೆ ಹೊರಗಿನಿಂದ ಬಂದವೆಂದು ಅವುಗಳ ದಾರಿಯ ಲೆಕ್ಕದಿಂದಲೇ ಸಿದ್ಧವಾಯಿತು. ಮೊದಲನೆಯದನ್ನೂ ಮೂರನೆಯದನ್ನೂ ಯಾರೋ ಕಳಿಸಿದ ನೌಕೆಗಳಿರಬಹುದೆಂದವರಿದ್ದಾರೆ. ಎರಡನೆಯದೂ ಮೂರನೆಯದೂ ಧೂಮಕೇತುಗಳೆಂದು ಸ್ಪಷ್ಟವಾಗಿ ಕಂಡಿತು. ಮೊದಲನೆಯದೂ ನೈಸರ್ಗಿಕ ವಸ್ತುವೇ ಎಂದು ಬಹುಮಂದಿ ಖಗೋಳಜ್ಞರು ಎಣಿಸುತ್ತಾರೆ. ನಾಳೆ ಯಾರಾದರೂ ನಿಜವಾಗಿ ಬಂದುದಾದರೆ ನಮಗೆ ಬೇಕಾದ ಸಾಕ್ಷ್ಯ ಇಂಥದೇ: ಯಾವ ದೇಶದವರು ಅಳೆದರೂ ಒಂದೇ ಉತ್ತರ ಬರುವ ಅಳತೆ, ಅಥವಾ ಈ ಭೂಮಿಯಲ್ಲಿ ಮಾಡಲಾಗದ ಒಂದು ವಸ್ತು. ಅದು ಇದುವರೆಗೆ ಸಿಕ್ಕಿಲ್ಲ. ಆದ್ದರಿಂದ ನನ್ನ ಉತ್ತರ ಇಷ್ಟು: ಇದ್ದಾರೆಯೇ ಎಂಬ ಪ್ರಶ್ನೆ ತೆರೆದೇ ಇರಲಿ, ಬಂದಿದ್ದರು ಎಂಬುದಕ್ಕೆ ಆಧಾರವಿಲ್ಲ.

ಇನ್ನು ಸೋದೆಗೆ ಮರಳೋಣ. ಅಜ್ಜಿಯ ಕಥೆಗೂ ಯುವಕನ ವಾದಕ್ಕೂ ಒಂದೇ ಒರೆಗಲ್ಲನ್ನು ಹಾಕಬೇಡವೇ ಎಂದು ನನ್ನ ಗೆಳತಿಯರು ಕೇಳಿದರು. ಸರಿಯಾದ ಪ್ರಶ್ನೆ. ಯುವಕ ತನ್ನ ಮಾತನ್ನು ಇತಿಹಾಸವೆಂದು, ವಿಜ್ಞಾನವೆಂದು ಹೇಳಿದ. ಹಾಗೆ ಹೇಳಿದವನು ಸಾಕ್ಷ್ಯ ತೋರಿಸುವುದಕ್ಕೆ ಬದ್ಧ. ಅಜ್ಜಿ ತನ್ನ ಕಥೆಯನ್ನು ಪ್ರಮಾಣವೆಂದು ಯಾರ ಮುಂದೆಯೂ ಇಟ್ಟವಳಲ್ಲ. ತನ್ನ ಊರಿನ ದೇವರು ಎಷ್ಟು ದೂರದಿಂದ, ಎಷ್ಟು ಕಷ್ಟಪಟ್ಟು ತಮ್ಮೆಡೆಗೆ ಬಂದ ಎಂಬ ಕೃತಜ್ಞತೆ ಅವಳದು. ವಾದಿರಾಜರು ದೇಶದ ಉದ್ದಗಲಕ್ಕೂ ಯಾತ್ರೆ ಮಾಡಿ 'ತೀರ್ಥಪ್ರಬಂಧ'ವೆಂಬ ಗ್ರಂಥವನ್ನೇ ಬರೆದವರು. ರೈಲು ಮೋಟಾರುಗಳಿಲ್ಲದ ಕಾಲದಲ್ಲಿ ಬದರಿಗೂ ಸೋದೆಗೂ ನಡುವಣ ಕಾಡು, ಹೊಳೆ, ಗುಡ್ಡಗಳನ್ನು ನೆನೆದ ಜನ ಅಷ್ಟು ದೂರವನ್ನು ಒಂದು ಹಾರುವ ರಥದಲ್ಲಿ ತುಂಬಿಟ್ಟರೆ ಆಶ್ಚರ್ಯವೇನು? ಮೊದಲ ವರ್ಷದಲ್ಲಿ ನಾನು ಆ ಕಥೆಯನ್ನು ಸುಳ್ಳೆಂದು ಎಸೆದೆ. ಯುವಕ ಅದನ್ನು ಯಂತ್ರವೆಂದು ಎತ್ತಿಕೊಂಡ. ಇಬ್ಬರೂ ಅದನ್ನು ಕೇಳಲಿಲ್ಲ.

ಸಹಸ್ರಲಿಂಗದ ಮಾತು ಇದಕ್ಕಿಂತ ಗಂಭೀರವಾದುದು. ಅಲ್ಲಿ ಬೇಸಿಗೆಯ ಮೇಲೆ ಬೇಸಿಗೆ ಬಿಸಿಲಲ್ಲಿ ಕೂತು ಕೆತ್ತಿದವರ ಹೆಸರುಗಳು ನಮಗೆ ಉಳಿದಿಲ್ಲ. ಮಾಡಿಸಿದ ಅರಸನ ಹೆಸರು ಉಳಿಯಿತು. ಮಾಡಿದವರಿಗೆ ಉಳಿದ ಗೌರವವೆಂದರೆ ಮನುಷ್ಯರ ಕೈಯಿಂದ ಇಷ್ಟಾಯಿತು ಎಂಬ ನಮ್ಮ ವಿಸ್ಮಯ ಒಂದೇ. 'ಇದು ಮನುಷ್ಯರ ಕೆಲಸವಲ್ಲ' ಎಂದವನು ಅದನ್ನೂ ಕಸಿದುಕೊಂಡು ಯಾರೋ ಕಾಣದವರಿಗೆ ಕೊಟ್ಟ. ಕಲ್ಲು ಕಡಿದು ನನಗೆ ಕಾಲೇಜಿನ ಫೀಸು ಕಟ್ಟಿದ ಅಪ್ಪನ ಅಂಗೈಯನ್ನು ದಿನವೂ ನೋಡುವ ನನಗೆ ಈ ಮಾತು ಸಹಿಸುವುದು ಕಷ್ಟವಾಯಿತು. ಯಂತ್ರವಿಲ್ಲದೆ ಆಗದು ಎನ್ನುವವರು ಕೈಯಿಂದ ಏನೇನು ಆಗುತ್ತದೆ ಎಂಬುದನ್ನು ನೋಡಿಲ್ಲದವರು ಎಂದೇ ನನ್ನ ಭಾವನೆ.

ಮುಗಿಸುವ ಮೊದಲು ಇನ್ನೊಂದು ಸಂಗತಿ. ಮೇಲೆ ಹೇಳಿದ ವಾಯೇಜರ್ ನೌಕೆಗಳು ಎರಡು. ಎರಡರಲ್ಲಿಯೂ ಚಿನ್ನದ ಲೇಪದ ಒಂದೊಂದು ಧ್ವನಿಮುದ್ರಿಕೆ ಇದೆ. ಎಂದಾದರೂ ಯಾರಿಗಾದರೂ ಸಿಕ್ಕರೆ ಕೇಳಲೆಂದು ಭೂಮಿಯ 55 ಭಾಷೆಗಳಲ್ಲಿ ಶುಭಾಶಯಗಳನ್ನು ಅದರಲ್ಲಿ ತುಂಬಿದ್ದಾರೆ. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡಿಗರೆಲ್ಲರ ಪರವಾಗಿ ಹೇಳಿದ ಆ ನಮಸ್ಕಾರವನ್ನು ಹೊತ್ತು ವಾಯೇಜರ್ 1 ನೌಕೆ 2012ರಲ್ಲಿ ನಕ್ಷತ್ರಗಳ ನಡುವಣ ಬಯಲನ್ನು ಸೇರಿತು. ಬೇರೆಯವರು ನಮ್ಮಲ್ಲಿಗೆ ಬಂದದ್ದಕ್ಕೆ ಸಾಕ್ಷ್ಯವಿಲ್ಲ. ನಾವು ಅವರ ಕಡೆಗೆ ಹೊರಟಿರುವುದಕ್ಕಂತೂ ಸಾಕ್ಷ್ಯವಿದೆ.

ಇದನ್ನು ಅಜ್ಜಿಗೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಿಯವರಿಗೆ ಕನ್ನಡ ಗೊತ್ತಿರ್ತದ್ಯಾ, ತಂಗೀ?" ಎಂದಳು. ಗೊತ್ತಿರಲಾರದು ಎಂದೆ. "ಗೊತ್ತಿಲ್ಲದಿದ್ರೂ ನಮಸ್ಕಾರ ಅಂದದ್ದು ಒಳ್ಳೇದಾಯ್ತು" ಎಂದು ಅಡಿಕೆ ಕತ್ತರಿಸತೊಡಗಿದಳು. ಆ ರಾತ್ರಿ ಊಟವಾದ ಮೇಲೆ ನಾನಾಗಿಯೇ ರಥದ ಕಥೆ ಹೇಳೆಂದು ಕೇಳಿದೆ. ಅಜ್ಜಿ ಮೊದಲಿನಿಂದ ಹೇಳಿದಳು. ಚಕ್ರ ಕೀಳುವ ಜಾಗ ಬಂದಾಗ ಕೈಯೆತ್ತಿದಳು. ನಾನು ತಲೆ ತಗ್ಗಿಸಿದೆ.